ಆರು ದಿನದ ಕ್ಯೂರಿ

ಉಡುಪಿ ಹತ್ತಿರದ ಶಂಕರಪುರದಲ್ಲಿ ಮಲ್ಲಿಗೆಗೆ ದಿನಕ್ಕೊಂದು ದರ. ಬೆಳಿಗ್ಗೆ ಕೊಯ್ದ ಮೊಗ್ಗನ್ನು ಕಟ್ಟಿ, ಅಟ್ಟೆ ಲೆಕ್ಕದಲ್ಲಿ ಕಟ್ಟೆಗೆ ತಂದು ಹಾಕುತ್ತಾರೆ. ಅದರಲ್ಲೊಂದು ಪಾಲು ಅದೇ ದಿನ ಮಂಗಳೂರಿನಲ್ಲಿ ವಿಮಾನ ಹತ್ತಿ ಮುಂಬೈ ಸೇರುತ್ತದೆ. ಅರಳಿ ಬಾಡಿದ ಮೇಲೆ ಅದನ್ನು ಕೇಳುವವರಿಲ್ಲ. ಅದೇ ಮುಂಬೈಯಿಂದ ಅದೇ ಕರಾವಳಿಗೆ, ಎದುರು ದಿಕ್ಕಿನಲ್ಲಿ, ಇನ್ನೊಂದು ಸರಕು ಬರುತ್ತದೆ. ಹಳದಿ ಚೀಟಿ ಅಂಟಿಸಿದ ಪೆಟ್ಟಿಗೆ. ಗಾತ್ರ ನೋಡಿ ಸುಲಭವಾಗಿ ಎತ್ತಲು ಹೋದವರ ಭುಜ ಜಗ್ಗುತ್ತದೆ. ಒಳಗೆ ದಪ್ಪ ಸೀಸದ ಗೋಡೆ, ಅದರೊಳಗೆ ಸಣ್ಣದೊಂದು ಗಾಜಿನ ಕೊಳವೆ, ಕೊಳವೆಯಲ್ಲಿ ಅಲ್ಯೂಮಿನಾ ಎಂಬ ಬಿಳಿ ಪುಡಿ. ಆ ಪುಡಿಗೆ ಅಂಟಿಕೊಂಡಿರುವುದು ಮಾಲಿಬ್ಡಿನಂ-99. ಮಲ್ಲಿಗೆಯ ಹಾಗೆ ಇದೂ ದಾರಿಯಲ್ಲೇ ಕಳೆದುಹೋಗುವ ಸರಕು.

ಎಷ್ಟು ಕಳೆಯುತ್ತದೆ ಎಂಬುದಕ್ಕೆ ಮಾತ್ರ ಇಲ್ಲಿ ಕರಾರುವಾಕ್ಕಾದ ಲೆಕ್ಕವಿದೆ. ಮಾಲಿಬ್ಡಿನಂ-99ರ ಅರ್ಧಾಯು 66 ಗಂಟೆ. ಅಂದರೆ ದಿನಕ್ಕೆ ಶೇ 22ರಷ್ಟು ಇಲ್ಲವಾಗುತ್ತದೆ. ಮಳೆಗಾಲದಲ್ಲಿ ಬಜಪೆಯ ಗುಡ್ಡದ ಮೇಲೆ ಮೋಡ ಕವಿದು, ವಿಮಾನ ಇಳಿಯಲಾಗದೆ ಬೆಂಗಳೂರಿಗೆ ತಿರುಗಿ, ಪೆಟ್ಟಿಗೆ ಶಿರಾಡಿ ಘಾಟಿ ಇಳಿದು ರಸ್ತೆಯಲ್ಲಿ ಎಂಟು ಗಂಟೆ ತಡವಾಗಿ ಬಂತೆನ್ನಿ. ಆ ಎಂಟು ಗಂಟೆಗೆ ಶೇ 8ರಷ್ಟು ಔಷಧ ಹೋಯಿತು. ಯಾರೂ ಕದಿಯಲಿಲ್ಲ, ಎಲ್ಲೂ ಚೆಲ್ಲಲಿಲ್ಲ, ಕೆಡಲೂ ಇಲ್ಲ. ಕಾಲ ಅಷ್ಟನ್ನು ತಿಂದಿತು, ಅಷ್ಟೇ.

ಈ ವ್ಯಾಪಾರದಲ್ಲಿ ಅದಕ್ಕಾಗಿಯೇ ಒಂದು ವಿಚಿತ್ರ ಅಳತೆ ಬಳಕೆಯಲ್ಲಿದೆ. ಅದರ ಹೆಸರು ಆರು ದಿನದ ಕ್ಯೂರಿ; ಕ್ಯೂರಿ ಎಂದರೆ ವಿಕಿರಣಶೀಲತೆಯ ಮಾನ. ಕಾರ್ಖಾನೆಯ ಬಾಗಿಲು ದಾಟುವಾಗ ಸರಕು ಎಷ್ಟಿತ್ತು ಎಂಬುದು ಮುಖ್ಯವಲ್ಲ. ಬಾಗಿಲು ದಾಟಿ ಆರು ದಿನವಾದ ಮೇಲೆ ಎಷ್ಟು ಉಳಿದಿರುತ್ತದೆ ಎಂಬುದರ ಮೇಲೆ ಬೆಲೆ. ನೂರು ಕ್ಯೂರಿ ಕಳಿಸಿದವರ ಲೆಕ್ಕದಲ್ಲಿ ಬರೆಯುವುದು ಇಪ್ಪತ್ತೆರಡು. ದತ್ತಿನಿಧಿಯ ನಿಯಮ ಎಲ್ಲರಿಗೂ ಗೊತ್ತಿದೆ: ಮೂಲಧನ ಮುಟ್ಟುವಂತಿಲ್ಲ, ಬಂದ ಬಡ್ಡಿಯಲ್ಲಿ ಕೆಲಸ ನಡೆಯಬೇಕು. ಈ ಸರಕು ಅದಕ್ಕೆ ತದ್ವಿರುದ್ಧ. ಇಲ್ಲಿ ಬಡ್ಡಿ ದಿನಾ ಸಿಗುತ್ತದೆ, ಮೂಲಧನ ಮುಟ್ಟದಿದ್ದರೂ ಕರಗುತ್ತದೆ.

ರೋಗಿಯ ದೇಹದೊಳಗೆ ಹೋಗಿ ಚಿತ್ರ ತೋರಿಸುವ ಅಥವಾ ಗಡ್ಡೆಯನ್ನು ಸುಡುವ ವಿಕಿರಣಶೀಲ ಲೋಹಗಳನ್ನು ಹೇಗೆ ತಯಾರಿಸುತ್ತಾರೆ ಎಂಬುದು ಇಲ್ಲಿಯ ವಿಷಯ. ಪರಮಾಣುವನ್ನು ಬದಲಿಸುವ ಭಾಗ, ಅಂದರೆ ರಿಯಾಕ್ಟರು, ಸೈಕ್ಲೋಟ್ರಾನು, ನ್ಯೂಟ್ರಾನು, ಪ್ರೋಟಾನು, ಇವು ಪತ್ರಿಕೆಗಳಲ್ಲಿ ಸುದ್ದಿಯಾಗುತ್ತವೆ. ಆದರೆ ಅದು ಕೆಲಸದ ಅರ್ಧ ಮಾತ್ರ. ಹುಟ್ಟಿದ ಲೋಹವನ್ನು ಹೆತ್ತ ಲೋಹದಿಂದ ಬಿಡಿಸಿ, ಚೊಕ್ಕ ಮಾಡಿ, ಅದು ಸಾಯುವ ಮೊದಲು ರೋಗಿಯ ಹಾಸಿಗೆಯ ತನಕ ಮುಟ್ಟಿಸುವುದು ಉಳಿದರ್ಧ. ಕಷ್ಟ ಇರುವುದು ಅಲ್ಲಿ, ಕೈಗುಣ ಬೇಕಾಗುವುದೂ ಅಲ್ಲಿ. ಆ ಅರ್ಧಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ.

ಮೊದಲು ಪ್ರಮಾಣದ ಅಂದಾಜು ಸಿಗಲಿ. ಮೂಳೆಯ ಸ್ಕ್ಯಾನಿಗೆ ಸಾಮಾನ್ಯವಾಗಿ, ಮಾಲಿಬ್ಡಿನಂ-99 ಕರಗುವಾಗ ಹುಟ್ಟುವ ಟೆಕ್ನೀಷಿಯಂ-99ಎಂ ಎಂಬ ಲೋಹವನ್ನು 20 ಮಿಲಿಕ್ಯೂರಿಯಷ್ಟು ಕೊಡುತ್ತಾರೆ. ಅದರ ತೂಕ ಸುಮಾರು 4 ನ್ಯಾನೊಗ್ರಾಂ; ಒಂದು ಗ್ರಾಮನ್ನು 25 ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲು. ಕಣ್ಣಿಗೆ ಕಾಣದು, ಯಾವ ತಕ್ಕಡಿಯಲ್ಲೂ ತೂಗದು, ಬಣ್ಣವಿಲ್ಲ, ವಾಸನೆಯಿಲ್ಲ. ಹೊರಸೂಸುವ ಕಿರಣವೊಂದೇ ಅದರ ಗುರುತು.

ಈ ಟೆಕ್ನೀಷಿಯಂ ಭೂಮಿಯ ಮೇಲೆ ಸಿಕ್ಕ ಕತೆ ಒಂದು ಲಕೋಟೆಯಿಂದ ಶುರುವಾಗುತ್ತದೆ. ಮೆಂಡಲೀಫನ ಕೋಷ್ಟಕದಲ್ಲಿ 43ನೇ ಮನೆ ಬಹುಕಾಲ ಖಾಲಿ ಇತ್ತು. ಅಲ್ಲಿ ಮ್ಯಾಂಗನೀಸಿನ ಬಂಧುವೊಂದು ಇರಬೇಕೆಂದು ಆತ ಹೇಳಿದ್ದ. ಸಿಕ್ಕಿತೆಂದು ಸಾರಿದವರ ಮಾತು ಒಂದೂ ನಿಲ್ಲಲಿಲ್ಲ. ಇಟಲಿಯ ಭೌತವಿಜ್ಞಾನಿ ಎಮಿಲಿಯೊ ಸೆಗ್ರೆ 1936ರಲ್ಲಿ ಅಮೆರಿಕದ ಬರ್ಕ್ಲಿಗೆ ಹೋಗಿದ್ದ. ಅಲ್ಲಿ ಅರ್ನೆಸ್ಟ್ ಲಾರೆನ್ಸ್ ಕಟ್ಟಿದ್ದ ಸೈಕ್ಲೋಟ್ರಾನ್ ಓಡುತ್ತಿತ್ತು. ಆ ಯಂತ್ರದೊಳಗೆ ಸವೆದು ಹೊರಬೀಳುವ ಲೋಹದ ಚೂರುಗಳ ಮೇಲೆ ಅವನ ಕಣ್ಣು ಬಿತ್ತು. ಉಳಿದವರಿಗೆ ಅದು ಗುಜರಿ. ದಿನಗಟ್ಟಲೆ ಕಣಗಳ ಹೊಡೆತ ತಿಂದ ಲೋಹದಲ್ಲಿ ಏನೇನು ಹುಟ್ಟಿರಬಹುದು ಎಂಬುದು ಸೆಗ್ರೆಯ ಕುತೂಹಲ. ಊರಿಗೆ ಮರಳಿದ ಮೇಲೂ ಅವನು ಅದನ್ನು ಬಿಡಲಿಲ್ಲ. 1937ರ ಆರಂಭದಲ್ಲಿ ಲಾರೆನ್ಸ್, ಕಣಗಳ ದಾರಿ ತಿರುಗಿಸಲು ಬಳಸಿದ್ದ ಮಾಲಿಬ್ಡಿನಂ ಪಟ್ಟಿಯೊಂದನ್ನು ಅಂಚೆಯಲ್ಲಿ ಸಿಸಿಲಿಗೆ ಕಳಿಸಿಕೊಟ್ಟ.

ಸಿಸಿಲಿಯ ಪಲೆರ್ಮೊದಲ್ಲಿ ಸೆಗ್ರೆಯ ಬಳಿ ದೊಡ್ಡ ಯಂತ್ರವೇನೂ ಇರಲಿಲ್ಲ. ಇದ್ದದ್ದು ಕಾರ್ಲೊ ಪೆರಿಯೆ ಎಂಬ ಖನಿಜಶಾಸ್ತ್ರಜ್ಞನ ಹಳೆಯ ಕಾಲದ ರಸಾಯನ ಪಾಂಡಿತ್ಯ. ಇಬ್ಬರೂ ಆ ಪಟ್ಟಿಯನ್ನು ಕರಗಿಸಿ, ವಿಕಿರಣ ಎಲ್ಲಿಗೆ ಹೋಗುತ್ತದೆ ಎಂದು ಬೆನ್ನು ಹತ್ತಿದರು. ಮಾಲಿಬ್ಡಿನಂ ಜೊತೆ ಹೋಗಲಿಲ್ಲ. ಅಕ್ಕಪಕ್ಕದ ನಿಯೋಬಿಯಂ, ಜಿರ್ಕೋನಿಯಂಗಳ ಜೊತೆಗೂ ಹೋಗಲಿಲ್ಲ. ಯಾವ ಪರಿಚಿತ ಧಾತುವಿನ ಬಾಲವನ್ನೂ ಹಿಡಿಯದೆ ಬೇರೆಯೇ ನಡೆದ ಆ ಪಾಲು 43ನೇ ಮನೆಯ ಯಜಮಾನ ಎಂದು ಅವರು ತೀರ್ಮಾನಿಸಿದರು. ಮನುಷ್ಯ ಕೃತಕವಾಗಿ ಮಾಡಿದ ಮೊದಲ ಧಾತು ಅದು. 1947ರಲ್ಲಿ ಅದಕ್ಕೆ ‘ಕೃತಕ’ ಎಂಬರ್ಥದ ಗ್ರೀಕ್ ಮಾತಿನಿಂದ ಟೆಕ್ನೀಷಿಯಂ ಎಂದು ಹೆಸರಿಟ್ಟರು. ಗಮನಿಸಬೇಕಾದ ಸಂಗತಿಯೆಂದರೆ ಆ ಧಾತು ಹುಟ್ಟಿದ್ದು ಯಂತ್ರದಲ್ಲಾದರೂ ಮನುಷ್ಯನ ಕೈಗೆ ಸಿಕ್ಕಿದ್ದು ಯಂತ್ರವಿಲ್ಲದ ಊರಿನಲ್ಲಿ, ಬೀಕರು ಮತ್ತು ಸೋಸುಕಾಗದದ ನಡುವೆ.

1938ರಲ್ಲಿ ಸೆಗ್ರೆ ಮತ್ತೆ ಬರ್ಕ್ಲಿಯಲ್ಲಿದ್ದಾಗ ಮುಸೊಲಿನಿಯ ಸರ್ಕಾರ ಯಹೂದಿಗಳ ವಿರುದ್ಧ ಕಾನೂನು ತಂದಿತು. ಅವನು ಪಲೆರ್ಮೊದ ಹುದ್ದೆ ಕಳೆದುಕೊಂಡು ಅಲ್ಲೇ ಉಳಿದ. ಆ ವರ್ಷವೇ ಅವನೂ ಗ್ಲೆನ್ ಸೀಬೋರ್ಗನೂ ಸೇರಿ ಟೆಕ್ನೀಷಿಯಂ-99ಎಂ ಎಂಬ ರೂಪವನ್ನು ಕಂಡರು. ಅರ್ಧಾಯು 6 ಗಂಟೆ. 140 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಗಾಮಾ ಕಿರಣ. ದೇಹದಿಂದ ಹೊರಬರುವಷ್ಟು ಬಲ, ಕ್ಯಾಮೆರಾದಲ್ಲಿ ಹಿಡಿಯಲಾಗುವಷ್ಟು ಸೌಮ್ಯ. ವೈದ್ಯರಿಗಾಗಿ ಯಾರೋ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ಆದರೂ ಇಪ್ಪತ್ತು ವರ್ಷ ಯಾರೂ ಅದನ್ನು ಬಳಸಲಿಲ್ಲ. ಆರು ಗಂಟೆಯಲ್ಲಿ ಅರ್ಧವಾಗುವ ವಸ್ತುವನ್ನು ಆಸ್ಪತ್ರೆಗೆ ಕೊಂಡೊಯ್ಯುವುದು ಹೇಗೆ?

ಉತ್ತರ ಸಿಕ್ಕಿದ್ದು ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ, ಬೇರೆ ಕೆಲಸದ ನಡುವೆ. ವಾಲ್ಟರ್ ಟಕರ್ ಮತ್ತು ಮಾರ್ಗರೆಟ್ ಗ್ರೀನ್ ಟೆಲ್ಯೂರಿಯಂನಿಂದ ಅಯೋಡಿನ್-132 ತೆಗೆಯುತ್ತಿದ್ದರು. ಅದರಲ್ಲಿ ಒಂದು ಕಲಬೆರಕೆ ಕಾಣಿಸಿತು. ಅದರ ಜಾಡು ಹಿಡಿದು ಹೋದಾಗ ತಿಳಿದದ್ದು: ಟೆಲ್ಯೂರಿಯಂ ಜೊತೆ ಮಾಲಿಬ್ಡಿನಂ-99 ಕೂಡ ನುಸುಳಿದೆ, ಅದು ಒಳಗೇ ಕೂತು ಟೆಕ್ನೀಷಿಯಂ ಹೆರುತ್ತಿದೆ. ಕೊಳೆಯೆಂದು ತೊಳೆದು ಬಿಡಬಹುದಿತ್ತು. 1958ರ ಹೊತ್ತಿಗೆ ಅವರು ಅದನ್ನೇ ಉಪಕರಣ ಮಾಡಿದರು: ತಾಯಿಯನ್ನು ಅಲ್ಯೂಮಿನಾಕ್ಕೆ ಅಂಟಿಸಿಡು, ಮಗಳನ್ನು ಬೇಕಾದಾಗ ತೊಳೆದು ತೆಗೆ. ಪೊವೆಲ್ ರಿಚರ್ಡ್ಸ್ ಇದು ವೈದ್ಯರ ಕೆಲಸಕ್ಕೆ ಬರುತ್ತದೆಂದು ಹಟ ಹಿಡಿದು ಪ್ರಚಾರ ಮಾಡಿದ. ಶಿಕಾಗೊದಲ್ಲಿ ಪಾಲ್ ಹಾರ್ಪರ್ ಅದನ್ನು ರೋಗಿಗಳಿಗೆ ಬಳಸಿ ತೋರಿಸಿದ. ಜಗತ್ತಿನಲ್ಲಿ ಇಂದು ವರ್ಷಕ್ಕೆ ಸುಮಾರು 4 ಕೋಟಿ ನ್ಯೂಕ್ಲಿಯರ್ ಮೆಡಿಸಿನ್ ಪರೀಕ್ಷೆಗಳು ನಡೆಯುತ್ತವೆ. ಅವುಗಳಲ್ಲಿ ಶೇ 80ರಷ್ಟಕ್ಕೆ ಆಧಾರ ಈ ಕೊಳವೆ.

ಆ ಪೆಟ್ಟಿಗೆಗೆ ಜನರೇಟರ್ ಎಂದು ಹೆಸರು. ಆದರೆ ಆಸ್ಪತ್ರೆಗಳಲ್ಲಿ ಈ ಔಷಧ ಸಿದ್ಧಪಡಿಸುವ ಹಾಟ್ ಲ್ಯಾಬುಗಳಲ್ಲಿ ಅದು ಹಸು. ಅದರಿಂದ ಟೆಕ್ನೀಷಿಯಂ ತೆಗೆಯುವುದಕ್ಕೆ ಹಾಲು ಕರೆಯುವುದು ಎಂದೇ ಹೇಳುವುದು. ಹೋಲಿಕೆ ಬಾಯಿಮಾತಿನದಲ್ಲ. ಬೆಳಿಗ್ಗೆ ಕರೆದರೆ ಕೆಚ್ಚಲು ಮತ್ತೆ ಪೂರಾ ತುಂಬಲು 23 ಗಂಟೆ ಬೇಕು. ಮಧ್ಯಾಹ್ನ ತುರ್ತಾಗಿ ಬೇಕಾದರೆ ಆರು ಗಂಟೆಯ ನಂತರ ಸುಮಾರು ಅರ್ಧದಷ್ಟು ಸಿಗುತ್ತದೆ. ದಿನ ಕಳೆದಂತೆ ಹಾಲು ಕಡಿಮೆಯಾಗುತ್ತಾ ಹೋಗಿ ಒಂದೆರಡು ವಾರದಲ್ಲಿ ಹಸು ಬತ್ತುತ್ತದೆ.

ಕರೆಯುವ ಕೆಲಸ ಹತ್ತಿರದಿಂದ ನೋಡುವಂಥದ್ದು. ರೋಗಿಗಳು ಬರುವ ಮೊದಲೇ ತಂತ್ರಜ್ಞೆ ಹಾಟ್ ಲ್ಯಾಬಿಗೆ ಬಂದು, ಎದೆಯ ಮೇಲೆ ಮತ್ತು ಬೆರಳಿಗೆ ವಿಕಿರಣ ಅಳೆಯುವ ಬಿಲ್ಲೆ ತೊಟ್ಟು, ಸೀಸದ ಗಾಜಿನ ಹಿಂದೆ ನಿಲ್ಲುತ್ತಾಳೆ. ಜನರೇಟರಿನ ಒಂದು ಸೂಜಿಗೆ ಸಲೈನ್ ಬಾಟಲಿ ಚುಚ್ಚುತ್ತಾಳೆ. ಇನ್ನೊಂದು ಸೂಜಿಗೆ ಗಾಳಿ ತೆಗೆದ ಖಾಲಿ ಬಾಟಲಿ, ಅದೂ ಸೀಸದ ಕವಚದಲ್ಲಿ. ಖಾಲಿ ಬಾಟಲಿಯ ನಿರ್ವಾತ ಸಲೈನನ್ನು ಕೊಳವೆಯ ಮೂಲಕ ಎಳೆದುಕೊಳ್ಳುತ್ತದೆ. ಮಾಲಿಬ್ಡಿನಂ ಅಲ್ಯೂಮಿನಾವನ್ನು ಬಿಗಿಯಾಗಿ ಹಿಡಿದಿರುತ್ತದೆ. ಟೆಕ್ನೀಷಿಯಂ ಹಿಡಿತ ಸಡಿಲಿಸಿ ಉಪ್ಪುನೀರಿನೊಡನೆ ಹೊರಡುತ್ತದೆ. ಕೊನೆಗೆ ಗುಳುಗುಳು ಸದ್ದು ಮಾಡಿ ಗಾಳಿ ಎಳೆಯುತ್ತದೆ. ಬಾಟಲಿಯಲ್ಲಿ ಕೂತದ್ದು ನೋಡಲು ಬರೀ ನೀರು.

ಆ ನೀರನ್ನು ನಂಬುವ ಹಾಗಿಲ್ಲ. ಮೊದಲು ಬಾಟಲಿಯನ್ನು ಸೀಸದ ಪುಟ್ಟ ಮಡಕೆಯಲ್ಲಿಟ್ಟು ಅಳೆಯುತ್ತಾಳೆ. ಟೆಕ್ನೀಷಿಯಂನ ಮೆತ್ತನೆಯ ಕಿರಣ ಆ ಗೋಡೆಯಲ್ಲೇ ನಿಲ್ಲುತ್ತದೆ. ಗೋಡೆ ತೂರಿ ಮೀಟರಿನಲ್ಲಿ ಅಂಕಿ ಕಂಡರೆ ಅದು ತಾಯಿಯದು. ಹಾಲಿನ ಜೊತೆ ಮಾಲಿಬ್ಡಿನಂ ಸೋರಿದೆ ಎಂದರ್ಥ. ಒಂದು ಮಿಲಿಕ್ಯೂರಿ ಟೆಕ್ನೀಷಿಯಂಗೆ 0.15 ಮೈಕ್ರೊಕ್ಯೂರಿ ಮಾಲಿಬ್ಡಿನಂ ದಾಟುವಂತಿಲ್ಲ. ಮುಂದೆ ಕಾಗದದ ಪಟ್ಟಿಯ ಮೇಲೊಂದು ಹನಿ: ಅಲ್ಯೂಮಿನಿಯಂ ಬಂದಿದೆಯೇ ನೋಡಲು. ಎರಡೂ ಸರಿಯಿದ್ದರೆ ಆ ನೀರು ಸೂಜಿಯ ಮೂಲಕ ಕಿಟ್ ಬಾಟಲಿ ಸೇರುತ್ತದೆ. ಅದರ ಒಳಗಿರುವ ತವರದ ಲವಣ ಟೆಕ್ನೀಷಿಯಂನ ಸ್ವಭಾವ ತಿರುಗಿಸಿ, ಮೂಳೆ ಹುಡುಕುವ ಅಣುವಿಗೆ ಅದನ್ನು ಗಂಟು ಹಾಕುತ್ತದೆ. ಕಿಟ್ ಬಾಟಲಿಯೊಳಗೆ ಗಾಳಿ ಹೊಕ್ಕರೆ ತವರ ಕೆಡುತ್ತದೆ, ಗಂಟು ಬೀಳುವುದಿಲ್ಲ. ಬಿಡಿಯಾಗಿ ಉಳಿದ ಟೆಕ್ನೀಷಿಯಂ ಥೈರಾಯ್ಡ್ ಗ್ರಂಥಿಗೂ ಹೊಟ್ಟೆಗೂ ಹೋಗುತ್ತದೆ. ಮೂಳೆಯ ಚಿತ್ರದಲ್ಲಿ ಕತ್ತು ಮತ್ತು ಜಠರ ಬೆಳಗಿದರೆ ಅನುಭವಸ್ಥರು ಮೊದಲು ಸಂಶಯಪಡುವುದು ಬೆಳಗಿನ ಕಿಟ್ಟಿನ ಮೇಲೆ.

ರಜೆಯ ಮರುದಿನದ್ದು ಇನ್ನೊಂದು ಎಚ್ಚರ. ಎರಡು ಮೂರು ದಿನ ಕರೆಯದೆ ಬಿಟ್ಟರೆ ಒಳಗೆ ಹುಟ್ಟಿದ ಟೆಕ್ನೀಷಿಯಂ ಬಹುಪಾಲು ಮುದಿಯಾಗಿ, 2 ಲಕ್ಷ ವರ್ಷಕ್ಕೂ ಮಿಕ್ಕಿದ ಅರ್ಧಾಯುವಿನ ಟೆಕ್ನೀಷಿಯಂ-99 ಆಗಿರುತ್ತದೆ. ಚಿತ್ರ ತೆಗೆಯಲು ಅದರಿಂದ ಉಪಯೋಗವಿಲ್ಲ, ಆದರೆ ರಸಾಯನದಲ್ಲಿ ಎರಡೂ ಒಂದೇ; ಮುದಿಯದು ಎಳೆಯದರ ಜಾಗ ಕಬಳಿಸುತ್ತದೆ. ಹಾಗಾಗಿ ಸೋಮವಾರದ ಮೊದಲ ಹಾಲನ್ನು ಕೆಲವು ಸೂಕ್ಷ್ಮ ಕಿಟ್ಟುಗಳಿಗೆ ಹಾಕುವುದಿಲ್ಲ.

ಇಷ್ಟೆಲ್ಲಕ್ಕೂ ಮೂಲವಾದ ಮಾಲಿಬ್ಡಿನಂ ಬರುವುದು ಯುರೇನಿಯಂ ಒಡೆದು. ಅಲ್ಯೂಮಿನಿಯಂ ಹೊದಿಸಿದ ತೆಳು ಯುರೇನಿಯಂ ಫಲಕಗಳನ್ನು ಸಂಶೋಧನಾ ರಿಯಾಕ್ಟರಿನ ಒಡಲಲ್ಲಿ ಸುಮಾರು ಒಂದು ವಾರ ಇಡುತ್ತಾರೆ. ನೂರು ಪರಮಾಣು ಒಡೆದರೆ ಆರರಲ್ಲಿ ಮಾಲಿಬ್ಡಿನಂ-99 ಸಿಗುತ್ತದೆ. ಹೊರತೆಗೆದ ಕೂಡಲೇ ಓಟ ಶುರು: ದಪ್ಪ ಗೋಡೆಯ ಕೋಣೆಯಲ್ಲಿ, ಯಾಂತ್ರಿಕ ಕೈಗಳಿಂದ, ಫಲಕವನ್ನು ಕ್ಷಾರದಲ್ಲಿ ಕರಗಿಸಿ ಹತ್ತಾರು ಇತರ ಧಾತುಗಳ ರಾಶಿಯಿಂದ ಅದೊಂದನ್ನು ಆರಿಸಬೇಕು. ಅಲ್ಲಿಂದ ಜನರೇಟರ್ ಕಾರ್ಖಾನೆಗೆ, ಅಲ್ಲಿಂದ ಆಸ್ಪತ್ರೆಗೆ. ವಾರ ವಾರವೂ.

ಇಂಥ ಸರಪಳಿ ಎಷ್ಟು ಸಣಕಲು ದಾರದ ಮೇಲೆ ನಿಂತಿತ್ತು ಎಂಬುದು 2009ರಲ್ಲಿ ಜಗತ್ತಿಗೆ ತಿಳಿಯಿತು. ಆಗ ಬಹುತೇಕ ಎಲ್ಲ ದೇಶಗಳಿಗೂ ಸೇರಿ ಮಾಲಿಬ್ಡಿನಂ ಮಾಡುತ್ತಿದ್ದದ್ದು ಐದು ರಿಯಾಕ್ಟರು: ಕೆನಡಾದ ಚಾಕ್ ರಿವರಿನ ಎನ್‌ಆರ್‌ಯು, ನೆದರ್ಲೆಂಡ್ಸಿನ ಪೆಟೆನ್, ಬೆಲ್ಜಿಯಂನ ಬಿಆರ್-2, ಫ್ರಾನ್ಸಿನ ಒಸಿರಿಸ್, ದಕ್ಷಿಣ ಆಫ್ರಿಕದ ಸಫಾರಿ-1. ಎಲ್ಲವೂ ನಲವತ್ತು ದಾಟಿದವು. 1957ರಲ್ಲಿ ಶುರುವಾದ ಎನ್‌ಆರ್‌ಯು ಅವುಗಳಲ್ಲಿ ಹಿರಿಯ. 2009ರ ಮೇ ತಿಂಗಳಲ್ಲಿ ವಿದ್ಯುತ್ ಹೋಗಿ ಅದು ನಿಂತಿತು. ತಪಾಸಣೆ ಮಾಡುವಾಗ ಪಾತ್ರೆಯ ತಳದಲ್ಲಿ ಭಾರಜಲ ಒಸರುತ್ತಿರುವುದು ಕಂಡಿತು. ರಿಪೇರಿ ಮುಗಿದು ಮತ್ತೆ ಹೊತ್ತಿದ್ದು 2010ರ ಆಗಸ್ಟಿನಲ್ಲಿ. ಅಷ್ಟರ ನಡುವೆ, 2010ರ ಫೆಬ್ರುವರಿಯಿಂದ ಸೆಪ್ಟೆಂಬರ್ ತನಕ, ಪೆಟೆನ್ ಕೂಡ ಕೊಳವೆ ರಿಪೇರಿಗೆ ನಿಂತಿತು. ಅದೂ ಸಾಲದೆಂಬಂತೆ ಏಪ್ರಿಲ್‌ನಲ್ಲಿ ಐಸ್‌ಲೆಂಡಿನ ಜ್ವಾಲಾಮುಖಿ ಬೂದಿ ಕಾರಿ ಯುರೋಪಿನ ವಿಮಾನಗಳನ್ನೆಲ್ಲ ನೆಲಕ್ಕಿಳಿಸಿತು. ಇದ್ದ ಸರಕೂ ಗೋದಾಮಿನಲ್ಲೇ ಕರಗಿತು. ಆಸ್ಪತ್ರೆಗಳು ಸರದಿ ಮುಂದೂಡಿದವು, ಒಬ್ಬರ ಡೋಸಿನಲ್ಲಿ ಉಳಿಸಿ ಇನ್ನೊಬ್ಬರಿಗೆ ಕೊಟ್ಟವು, ವಿಕಿರಣ ಹೆಚ್ಚಿರುವ ಹಳೆಯ ಥ್ಯಾಲಿಯಂಗೆ ಮರಳಿದವು.

ಕೆನಡಾ ಈ ದಿನ ಬರುತ್ತದೆಂದು ಮುಂಚೆಯೇ ಊಹಿಸಿತ್ತು. ಐಸೊಟೋಪು ತಯಾರಿಕೆಗೆಂದೇ ಮೇಪಲ್ ಹೆಸರಿನ ಎರಡು ಹೊಸ ರಿಯಾಕ್ಟರು ಕಟ್ಟಿ ನಿಲ್ಲಿಸಿತ್ತು. ಆದರೆ ಪರೀಕ್ಷೆಯಲ್ಲಿ ಅವು ವಿನ್ಯಾಸದ ಲೆಕ್ಕಕ್ಕೆ ತಿರುಗಿ ನಡೆದುಕೊಂಡವು. ಶಕ್ತಿ ಏರಿಸಿದರೆ ತಾವಾಗಿ ಹದಕ್ಕೆ ಬರಬೇಕಾದವು ಇನ್ನಷ್ಟು ಏರುವ ಲಕ್ಷಣ ತೋರಿದವು. ಕಾರಣ ಬಗೆಹರಿಯಲಿಲ್ಲ. 2008ರ ಮೇ ತಿಂಗಳಲ್ಲಿ ಯೋಜನೆ ಕೈಬಿಟ್ಟರು. ಸರಿಯಾಗಿ ಒಂದು ವರ್ಷಕ್ಕೆ ಹಳೆಯದು ಸೋರಿತು.

ಇದಕ್ಕೆ ಹಣದ ಲೆಕ್ಕವೂ ಕಾರಣ. ಈ ರಿಯಾಕ್ಟರುಗಳನ್ನು ಕಟ್ಟಿದ್ದು ಸರ್ಕಾರಗಳು, ಸಂಶೋಧನೆಗೆಂದು. ಐಸೊಟೋಪು ಅವುಗಳ ಉಪಕಸುಬು. ಹಾಗಾಗಿ ಮಾಲಿಬ್ಡಿನಂ ದರದಲ್ಲಿ ರಿಯಾಕ್ಟರು ಕಟ್ಟುವ, ತ್ಯಾಜ್ಯ ಕಾಪಾಡುವ ಖರ್ಚು ಸೇರಿರಲೇ ಇಲ್ಲ. ಕೊರತೆಯ ನಂತರ ಒಇಸಿಡಿಯ ಪರಮಾಣು ಸಂಸ್ಥೆ ಲೆಕ್ಕ ತೆಗೆದಾಗ, ಒಂದು ಸ್ಕ್ಯಾನಿಗೆ ತೆರುವ ಹಣದಲ್ಲಿ ರಿಯಾಕ್ಟರಿಗೆ ಮುಟ್ಟುತ್ತಿದ್ದದ್ದು ಶೇ 1ಕ್ಕೂ ಬಹಳ ಕಡಿಮೆ ಎಂದು ಕಂಡಿತು. ಬೆಲೆಯೇ ಬಾರದ ಬೆಳೆಗೆ ಯಾರು ಹೊಸ ಬಾವಿ ತೋಡುತ್ತಾರೆ? ಎನ್‌ಆರ್‌ಯು 2018ರ ಮಾರ್ಚ್ 31ಕ್ಕೆ ಶಾಶ್ವತವಾಗಿ ನಿಂತಿತು. ಒಸಿರಿಸ್ ಅದಕ್ಕೂ ಮುಂಚೆ, 2015ರಲ್ಲಿ. ಆಸ್ಟ್ರೇಲಿಯದ ಓಪಲ್ ರಿಯಾಕ್ಟರಿನಂಥ ಹೊಸಬರು ಭಾರ ಹಂಚಿಕೊಂಡಿದ್ದಾರೆ. ಆದರೂ 2024ರ ಅಕ್ಟೋಬರಿನಲ್ಲಿ ಪೆಟೆನ್‌ನಲ್ಲಿ ಕೊಳವೆಯೊಂದು ವಿರೂಪಗೊಂಡು ರಿಯಾಕ್ಟರು ಹೊತ್ತುವುದು ತಡವಾದಾಗ ಮತ್ತೆ ಸ್ಕ್ಯಾನುಗಳು ಮುಂದೆ ಹೋದವು.

ಭಾರತದ ದಾರಿ ಸ್ವಲ್ಪ ಬೇರೆ. ಮುಂಬೈಯ ತ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರು 1956ರಲ್ಲಿ, ಸೈರಸ್ 1960ರಲ್ಲಿ, ಧ್ರುವ 1985ರಲ್ಲಿ ಹೊತ್ತಿದವು. ಅಪ್ಸರಾ ತಂಡದಲ್ಲಿದ್ದ, ಧ್ರುವ ಹೊತ್ತಿದಾಗ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ರಾಜಾ ರಾಮಣ್ಣ ತುಮಕೂರು ಸೀಮೆಯವರು. ಅವರ ಹೆಸರು ಬಂದಾಗ ನೆನಪಾಗುವುದು ಪೋಖ್ರಾನಿನ ಅಣು ಪರೀಕ್ಷೆ. ಅದೇ ರಿಯಾಕ್ಟರುಗಳ ಇನ್ನೊಂದು ಬಾಗಿಲಿನಿಂದ ಔಷಧ ಹೊರಬರುತ್ತಿತ್ತು ಎಂಬುದೂ ಜೊತೆಗೆ ನೆನಪಾಗಬೇಕು. ಮುಂಬೈಯಲ್ಲಿ ರೇಡಿಯೇಷನ್ ಮೆಡಿಸಿನ್ ಸೆಂಟರ್ 1963ರಲ್ಲೇ ಶುರುವಾಯಿತು. ಐಸೊಟೋಪು ಹಂಚುವ ಬ್ರಿಟ್ ಸಂಸ್ಥೆ 1989ರಲ್ಲಿ.

ಯುರೇನಿಯಂ ಒಡೆದು ಮಾಲಿಬ್ಡಿನಂ ತೆಗೆಯಲು ಬೇಕಾದ ವ್ಯವಸ್ಥೆ ದುಬಾರಿ. ಅದಿಲ್ಲದೆ ಇಲ್ಲಿ ಬಹುಕಾಲ ನಡೆದದ್ದು ಸರಳ ದಾರಿ: ಸಾದಾ ಮಾಲಿಬ್ಡಿನಂ ಆಕ್ಸೈಡನ್ನೇ ರಿಯಾಕ್ಟರಿನಲ್ಲಿಟ್ಟು ಅದಕ್ಕೆ ನ್ಯೂಟ್ರಾನ್ ತಿನ್ನಿಸುವುದು. ತೊಡಕೆಂದರೆ, ಹೀಗೆ ಮಾಡಿದಾಗ ಗ್ರಾಂಗಟ್ಟಲೆ ಸಾದಾ ಲೋಹದ ನಡುವೆ ಎಲ್ಲೋ ಒಂದಿಷ್ಟು ವಿಕಿರಣಶೀಲ ಪರಮಾಣು. ಅಷ್ಟು ಲೋಹವನ್ನು ಹಿಡಿಯುವಷ್ಟು ಅಲ್ಯೂಮಿನಾ ಪುಟ್ಟ ಕೊಳವೆಯಲ್ಲಿ ಹಿಡಿಸದು. ಅದಕ್ಕೆ ಕಂಡುಕೊಂಡ ಉಪಾಯ ಮಜ್ಜಿಗೆ ಕಡೆದು ಬೆಣ್ಣೆ ತೇಲಿಸುವಂಥದ್ದು. ಮಾಲಿಬ್ಡಿನಂ ಕ್ಷಾರದ್ರಾವಣಕ್ಕೆ ಮೀಥೈಲ್ ಈಥೈಲ್ ಕೀಟೋನ್ ಎಂಬ ದ್ರವ ಹಾಕಿ ಕಲಕುತ್ತಾರೆ. ಬಿಟ್ಟರೆ ಎರಡು ಪದರ ನಿಲ್ಲುತ್ತದೆ. ಟೆಕ್ನೀಷಿಯಂ ಮೇಲಿನ ಕೀಟೋನಿಗೆ ಏರಿರುತ್ತದೆ, ಮಾಲಿಬ್ಡಿನಂ ಕೆಳಗೆ ಉಳಿದಿರುತ್ತದೆ. ಮೇಲಿನದನ್ನು ಬಸಿದು, ಕೀಟೋನ್ ಆವಿಯಾಗಿಸಿ, ತಳಕ್ಕೆ ಸಲೈನ್ ಹಾಕಿದರೆ ಔಷಧ ಸಿದ್ಧ. ಬೇಗ ಬೆಂಕಿ ಹಿಡಿಯುವ ದ್ರವ, ವಿಕಿರಣ, ಬೆಳಗಿನ ಅವಸರ, ಇವೆಲ್ಲವನ್ನು ನಿಭಾಯಿಸುತ್ತಾ ನಮ್ಮ ಆಸ್ಪತ್ರೆಗಳ ತಂತ್ರಜ್ಞರು ವರ್ಷಾನುಗಟ್ಟಲೆ ಹೀಗೆ ಟೆಕ್ನೀಷಿಯಂ ತೆಗೆದಿದ್ದಾರೆ. ಬಡದೇಶದ ತಾತ್ಕಾಲಿಕ ವ್ಯವಸ್ಥೆ ಎಂದು ಇದನ್ನು ತಳ್ಳಿಹಾಕುವುದು ಅನ್ಯಾಯ. ಶ್ರೀಮಂತ ದೇಶಗಳು ಐದು ಮುದಿ ರಿಯಾಕ್ಟರುಗಳ ಕೃಪೆಯಲ್ಲಿದ್ದಾಗ ಇದು ತನ್ನ ಕಾಲ ಮೇಲೆ ನಿಂತ ರಸಾಯನವಾಗಿತ್ತು. ಬಳಸಿದ ಪರಮಾಣು ಇಂಧನದ ತ್ಯಾಜ್ಯದಿಂದಲೇ ರುಥೇನಿಯಂ-106 ಬಿಡಿಸಿ, ಕಣ್ಣಿನ ಕ್ಯಾನ್ಸರಿಗೆ ಹೊಂದಿಸುವ ಬೆಳ್ಳಿಯ ಪುಟ್ಟ ಬಟ್ಟಲನ್ನು ತ್ರಾಂಬೆಯವರು ಮಾಡಿದ್ದೂ ಇದೇ ಕೈಗುಣದಿಂದ.

ಟೆಕ್ನೀಷಿಯಂಗಿಂತಲೂ ಬೇಗ ಕರಗುವ ಲೋಹ ಗ್ಯಾಲಿಯಂ-68. ಅದರ ಅರ್ಧಾಯು 68 ನಿಮಿಷ. ಬೆಂಗಳೂರಿನಲ್ಲಿ ತಯಾರಿಸಿ ಕಾರಿನಲ್ಲಿ ಮೈಸೂರಿಗೆ ಕಳಿಸಿದರೆ, ಮೂರು ತಾಸಿನ ಪಯಣ ಮುಗಿಯುವ ಹೊತ್ತಿಗೆ ಉಳಿಯುವುದು ಆರರಲ್ಲೊಂದು ಪಾಲು. ಇದಕ್ಕೂ ಹಸು ಇದೆ. 271 ದಿನದ ಅರ್ಧಾಯುವಿನ ಜರ್ಮೇನಿಯಂ-68 ಅದರ ತಾಯಿ. ಒಮ್ಮೆ ತಂದಿಟ್ಟರೆ ಸುಮಾರು ಒಂದು ವರ್ಷ, ದಿನಕ್ಕೆ ಎರಡು ಮೂರು ಸಲ ಕರೆಯಬಹುದು. ಪ್ರಾಸ್ಟೇಟ್ ಕ್ಯಾನ್ಸರ್ ಎಲ್ಲೆಲ್ಲಿ ಹರಡಿದೆ ಎಂದು ಪೆಟ್ ಸ್ಕ್ಯಾನಿನಲ್ಲಿ ಕಾಣುವುದು ಇದರಿಂದ. ಸೈಕ್ಲೋಟ್ರಾನಿನಲ್ಲಿ ಸತು-68ಕ್ಕೆ ಪ್ರೋಟಾನ್ ಹೊಡೆದೂ ಗ್ಯಾಲಿಯಂ ಮಾಡಬಹುದು. ಕೋಲ್ಕತ್ತದಲ್ಲಿ 2018ರಲ್ಲಿ ಕೆಲಸ ಶುರುಮಾಡಿದ 30 ಮೆಗಾ ಎಲೆಕ್ಟ್ರಾನ್ ವೋಲ್ಟಿನ ವೈದ್ಯಕೀಯ ಸೈಕ್ಲೋಟ್ರಾನಿನ ಉದ್ದೇಶಗಳಲ್ಲಿ ಇದೂ ಒಂದು.

ಗ್ಯಾಲಿಯಂ ತೋರಿಸಿದ ಗಡ್ಡೆಯನ್ನು ಸುಡುವುದು ಲುಟೀಷಿಯಂ-177. ಎರಡು ಲೋಹಕ್ಕೂ ಡೋಟಾ ಎಂಬ ಅಣುವಿನ ಒಂದೇ ಪಂಜರ ಹೊಂದುತ್ತದೆ, ಗಡ್ಡೆಯ ವಿಳಾಸ ಬಲ್ಲ ಒಂದೇ ಬಾಲ ಸಾಕಾಗುತ್ತದೆ. ಹಕ್ಕಿ ಮಾತ್ರ ಬೇರೆ. ಲುಟೀಷಿಯಂನ ಬೀಟಾ ಕಣ ಅಂಗಾಂಶದಲ್ಲಿ ಹೆಚ್ಚೆಂದರೆ ಎರಡು ಮಿಲಿಮೀಟರು ಹೋಗಿ ನಿಲ್ಲುತ್ತದೆ. ಅರ್ಧಾಯು 6.65 ದಿನ, ಹಾಗಾಗಿ ತ್ರಾಂಬೆಯಿಂದ ಹೊರಟು ದೇಶದ ಯಾವ ಮೂಲೆಗಾದರೂ ತಲುಪಬಹುದು.

ಇದನ್ನು ಮಾಡಲು ಎರಡು ದಾರಿ. ಲುಟೀಷಿಯಂ-176ಕ್ಕೆ ನ್ಯೂಟ್ರಾನ್ ಎಂದರೆ ಎಲ್ಲಿಲ್ಲದ ಹಸಿವು. ಮಾಲಿಬ್ಡಿನಂ-98ಕ್ಕಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು. ಅದನ್ನು ಸಾಂದ್ರಗೊಳಿಸಿ ಧ್ರುವದಲ್ಲಿಟ್ಟರೆ ನೇರವಾಗಿ 177 ಸಿಗುತ್ತದೆ. ಭಾರತದ ರೋಗಿಗಳಿಗೆ ಈ ಚಿಕಿತ್ಸೆ ಕೈಗೆಟುಕಿದ್ದರಲ್ಲಿ ಈ ನೇರ ದಾರಿಯ ಪಾಲು ದೊಡ್ಡದು. ಕೊರತೆಯೆಂದರೆ 160 ದಿನದ ಅರ್ಧಾಯುವಿನ ಲುಟೀಷಿಯಂ-177ಎಂ ಅತ್ಯಲ್ಪವಾಗಿ ಜೊತೆಗೂಡುತ್ತದೆ. ಆಸ್ಪತ್ರೆ ತನ್ನ ತ್ಯಾಜ್ಯವನ್ನು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಇನ್ನೊಂದು ದಾರಿ ಇಟರ್ಬಿಯಂ-176ರಿಂದ ಸುತ್ತಿಬರುವುದು. ಅಲ್ಲಿ ಆ ಕಲ್ಮಶವಿಲ್ಲ, ಆದರೆ ಇಟರ್ಬಿಯಂ ಮತ್ತು ಲುಟೀಷಿಯಂ ಕೋಷ್ಟಕದಲ್ಲಿ ಅಕ್ಕಪಕ್ಕದ ಮನೆಯವರು, ಸ್ವಭಾವದಲ್ಲಿ ಅವಳಿಗಳು. ರಾಶಿ ಇಟರ್ಬಿಯಂನಿಂದ ಚಿಟಿಕೆ ಲುಟೀಷಿಯಂ ಬಿಡಿಸುವುದು ಈ ಕ್ಷೇತ್ರದ ಅತಿ ಕಠಿಣ ಕೆಲಸಗಳಲ್ಲೊಂದು. ಕೆನಡಾದ ಬ್ರೂಸ್ ವಿದ್ಯುತ್ ಸ್ಥಾವರ 2022ರಿಂದ, ವಿದ್ಯುತ್ ತಯಾರಿಸುತ್ತಲೇ, ಭಾರಜಲ ರಿಯಾಕ್ಟರಿನಲ್ಲಿ ಇಟರ್ಬಿಯಂ ಇಟ್ಟು ಇದನ್ನು ಮಾಡುತ್ತಿದೆ. ನಮ್ಮ ಕೈಗಾದ ನಾಲ್ಕು ಘಟಕಗಳೂ ಭಾರಜಲದ ವಂಶದವೇ. ಅಲ್ಲಿ ಇದು ಸಾಧ್ಯವೇ ಎಂದು ಗಂಭೀರವಾಗಿ ಅಧ್ಯಯನ ಮಾಡಬೇಕು.

ಆಕ್ಟಿನಿಯಂ-225 ಇನ್ನೂ ದುರ್ಲಭ. ಅದರ ಆಲ್ಫಾ ಕಣಗಳು ಕೆಲವೇ ಜೀವಕೋಶಗಳ ದೂರದಲ್ಲಿ ಪೂರ್ತಿ ಶಕ್ತಿ ಸುರಿಯುತ್ತವೆ. ಹೈಡೆಲ್‌ಬರ್ಗಿನ ವೈದ್ಯರು 2016ರಲ್ಲಿ ಪ್ರಕಟಿಸಿದ ಚಿತ್ರಗಳಲ್ಲಿ, ಮೈತುಂಬ ಹರಡಿದ್ದ ಪ್ರಾಸ್ಟೇಟ್ ಕ್ಯಾನ್ಸರು ಕೆಲವು ಡೋಸುಗಳ ನಂತರ ಕಾಣೆಯಾಗಿತ್ತು. ದೆಹಲಿಯ ಏಮ್ಸ್ ವೈದ್ಯರೂ ಈ ಚಿಕಿತ್ಸೆಯ ಅನುಭವ ಪ್ರಕಟಿಸಿದ್ದಾರೆ. ಆದರೆ ಹಳೆಯ ಯುರೇನಿಯಂ-233ರ ದಾಸ್ತಾನಿನಲ್ಲಿ ನಿಧಾನವಾಗಿ ಕೂಡಿದ ಥೋರಿಯಂ-229ರಿಂದ ಜಗತ್ತಿಗೆಲ್ಲ ಸಿಗುತ್ತಿದ್ದದ್ದು ವರ್ಷಕ್ಕೆ 2 ಕ್ಯೂರಿಗೂ ಕಡಿಮೆ. 2024ರಲ್ಲಿ ಒಂದು ದೊಡ್ಡ ಪ್ರಯೋಗಕ್ಕೆ ಹೊಸ ರೋಗಿಗಳನ್ನು ಸೇರಿಸುವುದೇ ಇದರ ಕೊರತೆಯಿಂದ ನಿಂತಿತು.

2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ವೈದ್ಯಕೀಯ ಐಸೊಟೋಪಿಗೆಂದೇ ಖಾಸಗಿ ಸಹಭಾಗಿತ್ವದಲ್ಲಿ ರಿಯಾಕ್ಟರು ಕಟ್ಟುವುದಾಗಿ ಘೋಷಿಸಿತು. ಅಂಥ ರಿಯಾಕ್ಟರು ಬೇಕು. ಅದಕ್ಕೆ ಮೊದಲೇ ಬೇಕಾದವರು ಅದರ ಬಾಗಿಲಲ್ಲಿ ನಿಂತು ಲೋಹ ಬಿಡಿಸುವ ರಸಾಯನಜ್ಞರು. ಮಣಿಪಾಲದಂಥ ಕಡೆ ನ್ಯೂಕ್ಲಿಯರ್ ಮೆಡಿಸಿನ್ ತಂತ್ರಜ್ಞಾನ ಕಲಿಸುತ್ತಾರೆ. ಕ್ಯಾಮೆರಾ ನಡೆಸಬಲ್ಲ, ಹಸು ಕರೆಯಬಲ್ಲ ಹುಡುಗರು ಹುಡುಗಿಯರು ಹೊರಬರುತ್ತಿದ್ದಾರೆ. ವಿಕಿರಣ ರಸಾಯನ ಎಂಬುದನ್ನು ಕೈಯಾರೆ ಮಾಡಿ ಕಲಿಯುವ ಅವಕಾಶ ಮಾತ್ರ ನಮ್ಮ ವಿಶ್ವವಿದ್ಯಾಲಯಗಳ ರಸಾಯನಶಾಸ್ತ್ರ ವಿದ್ಯಾರ್ಥಿಗೆ ಸುಲಭವಾಗಿ ಸಿಗುವುದಿಲ್ಲ.

ಆ ಕಲಿಕೆ ಹೇಗಿರುತ್ತದೆ ಎಂಬುದಕ್ಕೆ ತಾಮ್ರ-64 ಒಳ್ಳೆಯ ಉದಾಹರಣೆ. ಅರ್ಧಾಯು 12.7 ಗಂಟೆ. ಇದನ್ನು ಸೈಕ್ಲೋಟ್ರಾನಿನಲ್ಲಿ ಮಾಡುವ, ಈಗ ಎಲ್ಲೆಡೆ ಅನುಸರಿಸುವ ಕ್ರಮವನ್ನು 1990ರ ದಶಕದಲ್ಲಿ ಅಮೆರಿಕದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ರೂಪಿಸಿದರು. ನಿಕ್ಕಲ್‌ನಲ್ಲಿ ನಿಕ್ಕಲ್-64 ಇರುವುದು ಶೇ 1ಕ್ಕೂ ಕಡಿಮೆ, ಅದನ್ನು ಸಾಂದ್ರಗೊಳಿಸಿದ್ದಕ್ಕೆ ಚಿನ್ನವನ್ನು ಮೀರಿಸುವ ಬೆಲೆ. ಚಿನ್ನದ ಬಿಲ್ಲೆಯ ಮೇಲೆ ಆ ನಿಕ್ಕಲ್‌ನ ತೆಳು ಲೇಪ ಕೊಡುತ್ತಾರೆ. ಚಿನ್ನ ಏಕೆಂದರೆ ಅದು ಶಾಖವನ್ನು ಬೇಗ ಸಾಗಹಾಕುತ್ತದೆ, ಬರೀ ಹೈಡ್ರೊಕ್ಲೋರಿಕ್ ಆಮ್ಲಕ್ಕೆ ಕರಗುವುದೂ ಇಲ್ಲ. ಪ್ರೋಟಾನ್ ಹೊಡೆತದ ನಂತರ ಬಿಲ್ಲೆಯನ್ನು ಬಿಸಿ ಆಮ್ಲದಲ್ಲಿಟ್ಟರೆ ಲೇಪ ಮಾತ್ರ ಕರಗುತ್ತದೆ. ಈ ಕೋಣೆಯಲ್ಲಿ ಲೋಹದ ಚಮಚ ಮುಟ್ಟುವಂತಿಲ್ಲ. ಲೋಹದ ಔಷಧ ಮಾಡುವ ಜಾಗದಲ್ಲಿ ಎಲ್ಲವೂ ಪ್ಲಾಸ್ಟಿಕ್, ಏಕೆಂದರೆ ಚಮಚದಿಂದ ಒಸರಿದ ಕಬ್ಬಿಣವೋ ಸತುವೋ, ಲೆಕ್ಕಕ್ಕೇ ಬಾರದಷ್ಟಿದ್ದರೂ, ನ್ಯಾನೊಗ್ರಾಂ ತಾಮ್ರಕ್ಕಿಂತ ಹೆಚ್ಚಿರುತ್ತದೆ. ಪಂಜರಗಳನ್ನೆಲ್ಲ ಅದೇ ಹಿಡಿದು ಕೂರುತ್ತದೆ.

ಹೊಸಬರಿಗೆ ಮೊದಲು ಕೊಡುವುದು ವಿಕಿರಣವಿಲ್ಲದ ಸಾದಾ ನಿಕ್ಕಲ್, ಸಾದಾ ತಾಮ್ರ. ಎರಡರ ದ್ರಾವಣವನ್ನು ಗಾಢ ಆಮ್ಲದಲ್ಲಿ ರಾಳದ ಕೊಳವೆಗೆ ಸುರಿದರೆ ನಿಕ್ಕಲ್ ಹಸಿರು ಹನಿಗಳಾಗಿ ಕೆಳಗಿಳಿಯುತ್ತದೆ, ತಾಮ್ರ ಹಳದಿ ಪಟ್ಟಿಯಾಗಿ ರಾಳದ ಮೇಲ್ಭಾಗದಲ್ಲೇ ನಿಲ್ಲುತ್ತದೆ. ಆಮ್ಲ ತೆಳುವಾಗಿಸಿದಾಗ ಆ ಪಟ್ಟಿಯೂ ಸಡಿಲಗೊಂಡು ಕೆಳಗೆ ಸರಿಯುತ್ತದೆ. ಎಲ್ಲವೂ ಕಣ್ಣೆದುರೇ ನಡೆಯುತ್ತದೆ. ಹತ್ತಾರು ಸಲ ಹಾಗೆ ಮಾಡಿ ಕೈ ಪಳಗಿದ ಮೇಲೆ ನಿಜವಾದ ಬಿಲ್ಲೆ ಬರುತ್ತದೆ. ಅಂದು ಸೀಸದ ಗಾಜಿನಾಚೆ ಹಸಿರು ಹನಿಗಳು ಇಳಿದು ಬಾಟಲಿ ಸೇರುತ್ತವೆ. ಅವನ್ನು ಮುಂದಿನ ಬಿಲ್ಲೆಗೆಂದು ಜೋಪಾನವಾಗಿ ತೆಗೆದಿಡುತ್ತಾರೆ. ರಾಳದ ಮೇಲೆ ಹಳದಿ ಪಟ್ಟಿ ಇರುವುದಿಲ್ಲ. ತೆಳು ಆಮ್ಲ ಹಾಕುತ್ತಾರೆ. ಬಣ್ಣವಿಲ್ಲದ ಒಂದೊಂದೇ ಹನಿ ಬೀಳತೊಡಗುತ್ತದೆ, ಪಕ್ಕದ ಮೀಟರಿನ ಅಂಕಿ ಏರತೊಡಗುತ್ತದೆ.